ಹಂದಿ ಮೇಯುವ ಹೊಲಕ್ಕೆ ಗೇಣಿ ಕೊಡುವವರು ಯಾರು?

ಕಾಡುಹಂದಿಯ ಮಾತು ಶುರುವಾದರೆ ಊರಿನ ಕಟ್ಟೆಯ ಮೇಲೆ ಅದು ಬೇಗ ಮುಗಿಯುವುದಿಲ್ಲ. ಮುಸುಕಿನ ಜೋಳ ಹಾಲು ಕಟ್ಟುವ ಹೊತ್ತಿಗೆ, ಗದ್ದೆಯಲ್ಲಿ ತೆನೆ ಬಾಗುವ ಹೊತ್ತಿಗೆ, ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಹಿಂಡು ಹಾಜರು. ಒಬ್ಬರು ಐಬೆಕ್ಸ್ ಬೇಲಿಯ ಬ್ಯಾಟರಿ ಕೈಕೊಟ್ಟದ್ದನ್ನು ಹೇಳುತ್ತಾರೆ. ಇನ್ನೊಬ್ಬರು ಬದುವಿನ ಸುತ್ತ ಹಳೇ ಸೀರೆ ಕಟ್ಟಿದ್ದು, ಕ್ಷೌರದಂಗಡಿಯಿಂದ ಕೂದಲು ತಂದು ಹರಡಿದ್ದು, ಯಾವುದಕ್ಕೂ ಹಂದಿ ಜಗ್ಗದೇ ಇದ್ದದ್ದನ್ನು ಹೇಳುತ್ತಾರೆ. ಕೊನೆಗೆ ಯಾರಾದರೊಬ್ಬ ಹುಡುಗ ಮೊಬೈಲ್ ತೆಗೆದು ಅಮೆರಿಕದ ವಿಡಿಯೊ ತೋರಿಸುತ್ತಾನೆ. ಹೆಲಿಕಾಪ್ಟರಿನಲ್ಲಿ ಕೂತು ಹಂದಿ ಹೊಡೆಯುವ ವಿಡಿಯೊ. 'ಅಲ್ಲಿ ರೈತರು ಜಮೀನನ್ನ ಬೇಟೆಗೇ ಗುತ್ತಿಗೆ ಕೊಟ್ಟು ದುಡ್ಡು ಮಾಡ್ತಾರೆ. ನಾವಿಲ್ಲಿ ರಾತ್ರಿಯಿಡೀ ಡಬ್ಬ ಬಡೀತಾ ಕೂತಿದೀವಿ' ಎಂಬ ಷರಾ ಜೊತೆಗೇ ಬರುತ್ತದೆ.

ಈ ಮಾತನ್ನು ತಮಾಷೆ ಎಂದು ತಳ್ಳಿಹಾಕಲು ನಮಗೆ ಮನಸ್ಸಿಲ್ಲ. ನಮ್ಮ ಬಳಗದಲ್ಲಿ ಹೆಚ್ಚಿನವರು ಹೊಲ, ಗದ್ದೆ, ತೋಟ ಇರುವ ಮನೆಗಳಿಂದ ಬಂದವರು. ಹಾಗಾಗಿ ಬೇಟೆಗೆ ಜಮೀನು ಗುತ್ತಿಗೆ ಕೊಡುವ ಆ ಪದ್ಧತಿ ನಿಜಕ್ಕೂ ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ ಏನು ಸಿಗುತ್ತದೆ, ನಮ್ಮಲ್ಲಿಗೆ ಅದರಲ್ಲಿ ಯಾವುದು ಹೊಂದುತ್ತದೆ ಎಂದು ಬಿಡಿಸಿ ನೋಡಬೇಕು ಅನ್ನಿಸಿತು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಅಲ್ಲಿಂದ ನಾವು ತರಬೇಕಾದ್ದು ಕೋವಿಯನ್ನಲ್ಲ, ಗೇಣಿಯನ್ನು.

ಬೇಟೆಗಾರ ನೆಲ ಹುಡುಕುವ ಬಗೆ

ಈ ಪದ್ಧತಿ ಚೆನ್ನಾಗಿ ಬೇರುಬಿಟ್ಟಿರುವುದು ಟೆಕ್ಸಾಸ್ ರಾಜ್ಯದಲ್ಲಿ. ಕಾರಣ ಸರಳ. ಆ ರಾಜ್ಯದ ನೆಲದಲ್ಲಿ ಶೇ. 95ಕ್ಕಿಂತ ಹೆಚ್ಚು ಖಾಸಗಿಯವರದ್ದು. ರಾಜ್ಯದ ವಿಸ್ತೀರ್ಣ ಸುಮಾರು 17 ಕೋಟಿ ಎಕರೆ. ಸರ್ಕಾರದಿಂದ ವರ್ಷದ ಪರವಾನಗಿ ಪಡೆದು ಸಾರ್ವಜನಿಕರು ಬೇಟೆಯಾಡಬಹುದಾದ ಜಾಗ ಹತ್ತು ಲಕ್ಷ ಎಕರೆಯ ಆಸುಪಾಸು. ಹೂಸ್ಟನ್‌ನಲ್ಲೋ ಡಲ್ಲಾಸ್‌ನಲ್ಲೋ ಕೆಲಸ ಮಾಡುತ್ತಾ, ಗುಂಟೆ ಜಮೀನೂ ಇಲ್ಲದ ಒಬ್ಬ ನವೆಂಬರ್ ತಿಂಗಳಲ್ಲಿ ಜಿಂಕೆ ಬೇಟೆಗೆ ಹೋಗಬೇಕೆಂದರೆ ಯಾರದ್ದಾದರೂ ಜಮೀನಿನ ಗೇಟು ತಟ್ಟಲೇಬೇಕು.

ಗೇಟು ತಟ್ಟುವುದು ಎಂದೆವಲ್ಲ, ಅದು ಬರೀ ಮಾತಲ್ಲ. ಈಗ ಜಮೀನು ಹುಡುಕಲು ವೆಬ್‌ಸೈಟುಗಳಿವೆ. ನಮ್ಮ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಹಾಗೆ, ಆನ್‌ಎಕ್ಸ್‌ನಂಥ ಆ್ಯಪ್‌ಗಳು ಜಮೀನಿನ ಗಡಿಯನ್ನೂ ಒಡೆಯನ ಹೆಸರನ್ನೂ ಮೊಬೈಲಿನಲ್ಲೇ ತೋರಿಸುತ್ತವೆ. ತೆರಿಗೆ ಕಚೇರಿಯ ದಾಖಲೆಯಲ್ಲೂ ಯಾವ ನೆಲ ಯಾರದ್ದೆಂದು ಯಾರು ಬೇಕಾದರೂ ನೋಡಬಹುದು. ಆದರೂ ಒಳ್ಳೆಯ ಜಮೀನು ಸಿಗುವುದು ಬಾಯಿಂದ ಬಾಯಿಗೆ. ಪಶು ಆಹಾರದ ಅಂಗಡಿಯಲ್ಲಿ ವಿಚಾರಿಸಬೇಕು. ಬೇಟೆಯ ಕಾಲಕ್ಕೆ ಹಿಂದಿನ ದಿನ ಹೋಗಿ ಕೇಳಿದರೆ ಯಾರೂ ಕೊಡುವುದಿಲ್ಲ. ಬೇಟೆ ಮುಗಿದ ಮೇಲೆ, ಚಳಿಗಾಲದ ಕೊನೆಗೋ ಬೇಸಿಗೆಗೋ ಹೋಗಿ ಮಾತಾಡಿಸಬೇಕು. ಬೇಲಿ ರಿಪೇರಿಗೆ ಒಂದು ದಿನ ಕೈ ಜೋಡಿಸಬೇಕು. ಈಗಾಗಲೇ ಗುತ್ತಿಗೆ ಹಿಡಿದಿರುವ ಗುಂಪಿನಲ್ಲಿ ಯಾರಾದರೂ ಬಿಟ್ಟುಹೋದರೆ ಆ ಜಾಗಕ್ಕೆ ಸೇರಿಕೊಳ್ಳುವುದು ಹೊಸಬರಿಗೆ ಸುಲಭದ ದಾರಿ. ಪರಿಚಯವಿಲ್ಲದವರಿಗೆ ನೆಲ ಬಿಡದಿರುವುದರಲ್ಲಿ ಅಲ್ಲಿನ ರೈತರೂ ನಮ್ಮವರ ಹಾಗೆಯೇ.

ಗುತ್ತಿಗೆಯಲ್ಲಿ ಹಲವು ಬಗೆ. ಎಕರೆಗೆ ಇಷ್ಟು ಎಂದು ವರ್ಷಕ್ಕೆ ಹಿಡಿಯುವುದುಂಟು. ಒಂದು ಬಂದೂಕಿಗೆ ಇಷ್ಟು, ಅಂದರೆ ತಲೆಗೆ ಇಷ್ಟು ಎಂದು ಕಟ್ಟುವುದುಂಟು. ಒಂದು ಹಂಗಾಮಿಗೆ ಮಾತ್ರ, ಇಲ್ಲವೇ ದಿನದ ಲೆಕ್ಕಕ್ಕೆ ಕೊಡುವುದೂ ಉಂಟು. ಜಾಗ, ನೀರು, ಪ್ರಾಣಿಗಳ ಸಂಖ್ಯೆ ನೋಡಿಕೊಂಡು ದರ ಏರಿಳಿಯುತ್ತದೆ. ಕರಾರು ಬರಹದಲ್ಲಿರುತ್ತದೆ: ಎಷ್ಟು ಜನ ಬರಬಹುದು, ಅತಿಥಿಗಳನ್ನು ಕರೆತರಬಹುದೇ, ಎಷ್ಟು ಪ್ರಾಣಿ ಹೊಡೆಯಬಹುದು, ಎಲ್ಲಿ ಡೇರೆ ಹಾಕಬೇಕು, ದನ ಇರುವ ಕಡೆ ಗುಂಡು ಹಾರಿಸಬಾರದು, ಗೇಟು ಹೇಗಿತ್ತೋ ಹಾಗೆಯೇ ಮುಚ್ಚಿ ಹೋಗಬೇಕು. ಗುತ್ತಿಗೆ ಕೊಡುವ ಒಡೆಯನೂ ಉದ್ಯಾನ ಮತ್ತು ವನ್ಯಜೀವಿ ಇಲಾಖೆಯಿಂದ ಅದಕ್ಕೆಂದೇ ಇರುವ ಲೈಸೆನ್ಸ್ ಪಡೆಯಬೇಕು. ಬೇಟೆಗಾರನಿಗೆ ಬೇರೆ ಲೈಸೆನ್ಸ್. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವನಾದರೆ ಬೇಟೆ ಶಿಕ್ಷಣದ ನಿಯಮಕ್ಕೂ ಒಳಪಡಬೇಕು. ಯಾವ ಕೌಂಟಿಯಲ್ಲಿ ಯಾವ ತಿಂಗಳು ಎಷ್ಟು ಜಿಂಕೆ ಎಂಬುದನ್ನು ಸರ್ಕಾರ ನಿಗದಿ ಮಾಡುತ್ತದೆ.

ಕೇಳದೆ ಒಳಗೆ ಕಾಲಿಟ್ಟರೆ ಅದು ಅಪರಾಧ. ಬೋರ್ಡು ಹಾಕಬೇಕೆಂದೂ ಇಲ್ಲ. ಬೇಲಿಯ ಕಂಬಕ್ಕೋ ಮರಕ್ಕೋ ನೆಲದಿಂದ ಮೂರರಿಂದ ಐದು ಅಡಿ ಎತ್ತರದಲ್ಲಿ ನೇರಳೆ ಬಣ್ಣದ ಪಟ್ಟೆ ಬಳಿದಿದ್ದರೆ 'ಒಳಗೆ ಬರಬೇಡ' ಎಂದೇ ಕಾನೂನಿನ ಅರ್ಥ.

ಈ ಎಲ್ಲದರ ಬುಡದಲ್ಲಿ ಒಂದು ತತ್ವ ಇದೆ. ಅದನ್ನು ಕಟ್ಟೆಯ ಚರ್ಚೆಯಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿಯೂ ಜಿಂಕೆ ಜಮೀನಿನ ಒಡೆಯನದ್ದಲ್ಲ. ಕಾಡುಪ್ರಾಣಿ ರಾಜ್ಯದ ಜನರದ್ದು, ಸರ್ಕಾರ ಅದರ ಪಾಲಕ. ಒಡೆಯ ಮಾರುವುದು ಜಿಂಕೆಯನ್ನಲ್ಲ, ತನ್ನ ಗೇಟಿನ ಒಳಗೆ ಬರುವ ಹಕ್ಕನ್ನು. ಪ್ರಾಣಿ ಎಲ್ಲರದ್ದು, ಅದು ಮೇಯುವ ನೆಲ ಮಾತ್ರ ನನ್ನದು, ಆ ನೆಲಕ್ಕೆ ಬಾಡಿಗೆ ಕೊಡಿ ಎಂಬುದು ಅಲ್ಲಿನ ವ್ಯವಹಾರದ ತಿರುಳು.

ಬೆಲೆ ಬಂದದ್ದು ಪೊದೆಗೆ

ಈ ಬಾಡಿಗೆಯಿಂದ ಆದದ್ದೇನು? ದಕ್ಷಿಣ ಟೆಕ್ಸಾಸ್ ಕುರುಚಲು ಕಾಡಿನ ಸೀಮೆ. ಮೆಸ್ಕಿಟ್ ಎಂಬ ಮುಳ್ಳುಮರ (ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯ ನೆಂಟ), ಪಾಪಾಸುಕಳ್ಳಿ, ಅಲ್ಲಲ್ಲಿ ಹುಲ್ಲು. ದನ ಸಾಕುವವರು ಒಂದು ಕಾಲದಲ್ಲಿ ಈ ಪೊದೆಯನ್ನು ಶತ್ರು ಎಂದು ತಿಳಿದು, ಭಾರೀ ಯಂತ್ರ ತಂದು ಬುಡಸಮೇತ ಕಿತ್ತು ಹುಲ್ಲು ಬೆಳೆಸುತ್ತಿದ್ದರು. ಜಿಂಕೆ ಬೇಟೆಯ ಗುತ್ತಿಗೆಗೆ ಬೆಲೆ ಬಂದ ಮೇಲೆ ಲೆಕ್ಕ ತಿರುಗಿತು. ಪೊದೆ ಇದ್ದರೆ ಜಿಂಕೆ, ಜಿಂಕೆ ಇದ್ದರೆ ಗುತ್ತಿಗೆ. ಮಳೆ ಕೈಕೊಟ್ಟ ವರ್ಷ ದನ ಮಾರಿ ನಷ್ಟ ಮಾಡಿಕೊಂಡವನಿಗೂ ಗುತ್ತಿಗೆಯ ಹಣ ಬರುತ್ತದೆ. ಎಷ್ಟೋ ಕುಟುಂಬಗಳು ಜಮೀನನ್ನು ತುಂಡು ಮಾಡಿ ಸೈಟಿಗೆ ಮಾರದೆ ಉಳಿಸಿಕೊಂಡದ್ದು ಈ ಆದಾಯದ ಬಲದಿಂದ.

ಸರ್ಕಾರವೂ ಕೈಜೋಡಿಸಿತು. 1995ರಲ್ಲಿ ಟೆಕ್ಸಾಸ್ ಮತದಾರರು ರಾಜ್ಯದ ಸಂವಿಧಾನಕ್ಕೆ ಒಂದು ತಿದ್ದುಪಡಿ ಒಪ್ಪಿದರು. ಕೃಷಿ ಜಮೀನಿಗೆ ಸಿಗುವ ತೆರಿಗೆ ರಿಯಾಯಿತಿಯನ್ನು ವನ್ಯಜೀವಿಗಾಗಿ ನಿರ್ವಹಿಸುವ ಜಮೀನಿಗೂ ವಿಸ್ತರಿಸಿದರು. ಷರತ್ತು ಇಷ್ಟೇ: ಆವಾಸ ನಿರ್ವಹಣೆ, ಮಣ್ಣು ಸವಕಳಿ ತಡೆ, ನೀರು ಒದಗಿಸುವುದು, ಆಹಾರ ಒದಗಿಸುವುದು, ಆಸರೆ ಮಾಡುವುದು, ಹಿಂಸ್ರಪಶು ನಿಯಂತ್ರಣ, ಪ್ರಾಣಿಗಣತಿ ಎಂಬ ಏಳು ಕೆಲಸಗಳಲ್ಲಿ ಕನಿಷ್ಠ ಮೂರನ್ನು ಪ್ರತಿವರ್ಷ ಮಾಡಬೇಕು. ಉಳದೆ ಬಿಟ್ಟ ನೆಲ ಬೀಳು ನೆಲವಲ್ಲ, ಅದೂ ಒಂದು ಬೆಳೆ ಎಂದು ಕಾನೂನೇ ಒಪ್ಪಿಕೊಂಡ ಹಾಗೆ ಇದು.

ಕ್ಯಾನ್ಸಾಸ್ ರಾಜ್ಯದವರ ದಾರಿ ಬೇರೆ. ಅಲ್ಲಿ 1995ರಿಂದ ಸರ್ಕಾರವೇ ರೈತರ ಬಳಿ ಬೇಟೆಯ ಹಕ್ಕನ್ನು ಗುತ್ತಿಗೆ ಹಿಡಿದು, ಆ ಜಮೀನಿಗೆ ಸಾಮಾನ್ಯ ಜನರನ್ನು ಬಿಡುತ್ತದೆ. ಹೀಗೆ ತೆರೆದ ನೆಲ ಹತ್ತು ಲಕ್ಷ ಎಕರೆ ದಾಟಿದೆ. ಇಲ್ಲಿ ಗೇಣಿದಾರ ಸರ್ಕಾರ. ಈ ಮಾದರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಲ್ಲವೂ ಚೆಂದ ಎಂದೇನೂ ನಾವು ಹೇಳುತ್ತಿಲ್ಲ. ಗುತ್ತಿಗೆ ದರ ಏರಿದಷ್ಟೂ ಬಡ ಬೇಟೆಗಾರನಿಗೆ ಗೇಟು ಮುಚ್ಚುತ್ತದೆ. ದೊಡ್ಡ ಕೊಂಬಿನ ಜಿಂಕೆಗೆ ಹೆಚ್ಚು ಹಣ ಎಂದಾದಾಗ ಎತ್ತರದ ಬೇಲಿ ಹಾಕಿ, ಜಿಂಕೆಯನ್ನು ದನದ ಹಾಗೆ ತಳಿ ಮಾಡುವ ದಂಧೆ ಹುಟ್ಟಿತು. 2015ರಲ್ಲಿ ಅಂಥ ಒಂದು ಸಾಕಣೆ ಕೇಂದ್ರದ ಜಿಂಕೆಯಲ್ಲಿ ಮಿದುಳನ್ನು ತಿನ್ನುವ, ಮದ್ದಿಲ್ಲದ ರೋಗ ಕಾಣಿಸಿಕೊಂಡಿತು. ಹಣ ಕಾಡಿಗೆ ಒಳ್ಳೆಯದನ್ನೂ ಮಾಡುತ್ತದೆ, ಕೆಟ್ಟದ್ದನ್ನೂ ಮಾಡುತ್ತದೆ.

ಹಂದಿಯಲ್ಲಿ ಲೆಕ್ಕ ತಪ್ಪಿತು

ಈಗ ಆ ಹೆಲಿಕಾಪ್ಟರ್ ವಿಡಿಯೊಗೆ ಬರೋಣ. ಅದು ಸುಳ್ಳಲ್ಲ. 2011ರ ಕಾಯ್ದೆಯ ಪ್ರಕಾರ ಟೆಕ್ಸಾಸ್‌ನಲ್ಲಿ ದುಡ್ಡು ಕೊಟ್ಟು ಹೆಲಿಕಾಪ್ಟರಿನಿಂದ ಹಂದಿ ಹೊಡೆಯಬಹುದು. 2019ರಿಂದ ಖಾಸಗಿ ಜಮೀನಿನಲ್ಲಿ ಒಡೆಯ ಒಪ್ಪಿದರೆ ಹಂದಿಗೆ ಬೇಟೆ ಲೈಸೆನ್ಸೂ ಬೇಡ. ಹಗಲು ರಾತ್ರಿ, ವರ್ಷವಿಡೀ ಹೊಡೆಯಬಹುದು. ಹಾಗಾದರೆ ಹಂದಿ ಮುಗಿಯಿತೇ? ಇಲ್ಲ. ಅಲ್ಲಿನ ಕೃಷಿ ವಿಶ್ವವಿದ್ಯಾಲಯದ ಅಂದಾಜಿನಲ್ಲಿ ಹಂದಿಗಳ ಸಂಖ್ಯೆ ಇಪ್ಪತ್ತು ಲಕ್ಷದ ಮೇಲೆಯೇ ಇದೆ.

ಟೆನ್ನೆಸ್ಸಿ ರಾಜ್ಯದ ಪಾಠ ಇನ್ನೂ ಕಟು. 1999ರಲ್ಲಿ ಆ ರಾಜ್ಯ ಹಂದಿ ಕಡಿಮೆಯಾಗಲೆಂದು ಇಡೀ ರಾಜ್ಯದಲ್ಲಿ ಹಂದಿ ಬೇಟೆಗೆ ಬಾಗಿಲು ತೆರೆಯಿತು. ಆಗ ಹಂದಿ ಇದ್ದದ್ದು ಕೆಲವೇ ಕೌಂಟಿಗಳಲ್ಲಿ. ಬೇಟೆಯ ರುಚಿ ಹತ್ತಿದವರು ಹಂದಿಗಳನ್ನು ವಾಹನಗಳಲ್ಲಿ ಹೇರಿಕೊಂಡು ಹೋಗಿ ತಮ್ಮೂರ ಕಾಡಿನಲ್ಲಿ ಬಿಟ್ಟರು. ಹತ್ತು ಹನ್ನೆರಡು ವರ್ಷದಲ್ಲಿ ಹಂದಿ ರಾಜ್ಯದ ಬಹುಭಾಗಕ್ಕೆ ಹಬ್ಬಿತು. 2011ರಲ್ಲಿ ಸರ್ಕಾರ ಮೋಜಿನ ಬೇಟೆಯನ್ನೇ ನಿಲ್ಲಿಸಿತು. ಕ್ಯಾನ್ಸಾಸ್ ಇನ್ನೂ ಮೊದಲೇ, 2006ರಲ್ಲೇ, ಇದನ್ನು ಗ್ರಹಿಸಿ ಹಂದಿಯ ಮೋಜಿನ ಬೇಟೆಯನ್ನು ನಿಷೇಧಿಸಿ ಹಿಂಡನ್ನೇ ಬಲೆಗೆ ಕೆಡಹುವ ಕೆಲಸವನ್ನು ಸರ್ಕಾರದ ಸಿಬ್ಬಂದಿಗೆ ಒಪ್ಪಿಸಿತು.

ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಂದಿಯಿಂದ ಯಾರಿಗೆ ಆದಾಯವೋ ಅವರಿಗೆ ಹಂದಿ ಬೇಕು. ಪಕ್ಕದ ಹೊಲದವನ ಜೋಳದ ಚಿಂತೆ ಅವರದ್ದಲ್ಲ. ಬೇಟೆಗೆ ಗುತ್ತಿಗೆ ಕೊಟ್ಟರೆ ಬೆಳೆಹಾನಿ ತಪ್ಪುತ್ತದೆ ಎಂಬುದು ಅಮೆರಿಕದಲ್ಲೇ ಸುಳ್ಳಾದ ಮಾತು. ಇನ್ನೊಂದು ವ್ಯತ್ಯಾಸವೂ ಇದೆ. ಅಲ್ಲಿ ಹಂದಿ ಪರದೇಶಿ. ಸ್ಪೇನಿನವರು ತಂದ ಸಾಕುಹಂದಿ, ಆಮೇಲೆ ಬೇಟೆಗೆಂದೇ ತಂದುಬಿಟ್ಟ ಯೂರೋಪಿನ ಕಾಡುಹಂದಿ ಬೆರೆತು ಆದ ಸಂತತಿ ಅದು. ನಮ್ಮ ಕಾಡುಹಂದಿ ಇಲ್ಲಿಯದೇ. ಹುಲಿಗೂ ಚಿರತೆಗೂ ಅದು ಊಟ. ಕಾಡಿನಲ್ಲಿ ಹಂದಿ ಖಾಲಿಯಾದರೆ ಅವು ಕೊಟ್ಟಿಗೆಯ ಕಡೆ ತಿರುಗುತ್ತವೆ.

ನಮ್ಮ ಬಾಗಿಲಿಗೆ ಎರಡು ಬೀಗ

ನಮ್ಮಲ್ಲಿ ಬೇಟೆಯ ಗುತ್ತಿಗೆಗೆ ಕಾನೂನು ಎರಡು ಕಡೆಯಿಂದ ಬೀಗ ಹಾಕಿದೆ.

ಮೊದಲನೆಯದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಆ ಕಾಯ್ದೆ ಬಂದಾಗಲೂ ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ಅವಕಾಶ ಇತ್ತು. 1991ರ ತಿದ್ದುಪಡಿ ಅದನ್ನೂ ತೆಗೆಯಿತು. ಈಗ ಉಳಿದಿರುವುದು ಮುಖ್ಯವಾಗಿ 11ನೇ ಕಲಮು. ಪ್ರಾಣಿಯಿಂದ ಜೀವಕ್ಕೋ ನಿಂತ ಬೆಳೆಗೋ ಅಪಾಯ ಎಂದಾದರೆ ಅಧಿಕಾರ ಪಡೆದ ಅಧಿಕಾರಿ ಕೊಲ್ಲಲು ಲಿಖಿತ ಅನುಮತಿ ಕೊಡಬಹುದು. ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಪ್ರಾಣಿಯನ್ನು ಉಪದ್ರವಿ ಎಂದು ಘೋಷಿಸುವ ದಾರಿಯೂ ಇದೆ. ಬಿಹಾರ, ಉತ್ತರಾಖಂಡಗಳಲ್ಲಿ ಕಾಡುಹಂದಿಯ ವಿಷಯದಲ್ಲಿ ಹಾಗೆ ಆಗಿತ್ತು. ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ಹಂದಿ ಕೊಲ್ಲುವ ಅನುಮತಿ ಕೊಡುವ ಅಧಿಕಾರ ಕೊಟ್ಟಿತು. ಕೊಂದ ಹಂದಿಯನ್ನು ಅಲ್ಲಿ ಹೂಳಬೇಕು, ತಿನ್ನುವಂತಿಲ್ಲ, ಮಾರುವಂತಿಲ್ಲ.

ಎರಡನೆಯ ಬೀಗ ಕರ್ನಾಟಕದ್ದೇ. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆ ತಿದ್ದುಪಡಿಯಿಂದ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧವಾಯಿತು. ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಲಕ್ಷಾಂತರ ಗೇಣಿದಾರರು ಹೊಲದ ಒಡೆಯರಾದದ್ದು ಆ ಕಾನೂನಿನಿಂದ, ಅದರ ಬಗ್ಗೆ ನಮಗೆ ಗೌರವವಿದೆ. ಆದರೆ ಗೇಣಿ ನಿಂತಿಲ್ಲ. ಕೋರು, ಪಾಲು, ಲಾವಣಿ, ಗುತ್ತಿಗೆ ಎಂದು ಊರಿಗೊಂದು ಹೆಸರಿನಲ್ಲಿ ಬಾಯಿಮಾತಿನಲ್ಲಿ ನಡೆಯುತ್ತಲೇ ಇದೆ.

ಬೀಗ ತೆಗೆದರೂ ಬೇಟೆಯ ಗುತ್ತಿಗೆ ಇಲ್ಲಿ ನಡೆಯದು. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ರಾಜ್ಯದ ಸರಾಸರಿ ಹಿಡುವಳಿ ಮೂರೂವರೆ ಎಕರೆಯನ್ನೂ ಮುಟ್ಟುವುದಿಲ್ಲ. ಅಲ್ಲಿ ಒಂದು ಗುತ್ತಿಗೆಯೇ ನೂರಾರು, ಸಾವಿರಾರು ಎಕರೆ. ಮೂರು ಎಕರೆಯ ಹೊಲದಲ್ಲಿ ಹಾರಿಸಿದ ರೈಫಲಿನ ಗುಂಡು ಪಕ್ಕದವರ ಕಣವನ್ನೂ ಅದರಾಚೆಯ ದಾರಿಯನ್ನೂ ದಾಟುತ್ತದೆ. ರಾತ್ರಿ ಕಾವಲಿಗೆ ಕೂತವರು, ಮುಂಜಾನೆ ನೀರು ತಿರುಗಿಸಲು ಹೊರಟವರು, ಹಾಲಿಗೆ ಹೋಗುವ ಹುಡುಗರು, ಎಲ್ಲರೂ ಆ ದಾರಿಯಲ್ಲಿರುತ್ತಾರೆ. ಕೋವಿಯ ಪರಂಪರೆ ಇರುವ ಕೊಡಗು, ಮಲೆನಾಡಿನಲ್ಲೂ ಬೇಟೆಗೆ ಹೋದವರು ತಮ್ಮವರ ಗುಂಡಿಗೇ ಬಲಿಯಾದ ಸುದ್ದಿ ನಾವು ಓದಿದ್ದೇವೆ.

ಸತ್ತ ಹಂದಿ ಸರ್ಕಾರದ್ದು, ಮೇಯುವ ಹಂದಿ?

ನಮ್ಮ ಕಾಯ್ದೆಯ 39ನೇ ಕಲಮಿನ ಪ್ರಕಾರ ಬೇಟೆಯಾದ ಕಾಡುಪ್ರಾಣಿ ಸರ್ಕಾರದ ಆಸ್ತಿ. ಸರಿ. ಆದರೆ ಅದೇ ಪ್ರಾಣಿ ಬದುಕಿದ್ದಾಗ ಮೂರು ತಿಂಗಳು ರೈತನ ಹೊಲದಲ್ಲಿ ತಿಂದಿತಲ್ಲ, ಆಗ ಅದು ಯಾರದ್ದು? ಕಾಗದದ ಮೇಲೆ ಉತ್ತರ ಇದೆ: ಪರಿಹಾರ. ಅರ್ಜಿ, ಪಹಣಿ, ಫೋಟೊ, ಬ್ಯಾಂಕ್ ಪಾಸ್‌ಬುಕ್, ಸ್ಥಳ ಪರಿಶೀಲನೆ. ಅರಣ್ಯ ಇಲಾಖೆಯವರು ಬಂದು ನೋಡುವವರೆಗೆ ಹಾಳಾದ ಬೆಳೆಯನ್ನು ಹಾಗೇ ಬಿಡಬೇಕು. ದಿನಗೂಲಿ ಬಿಟ್ಟು ಕಚೇರಿಗೆ ಎರಡು ಸಲ ಅಲೆದರೆ ಬರುವ ಪರಿಹಾರದಲ್ಲಿ ಒಂದಷ್ಟು ಬಸ್ಸಿಗೇ ಹೋಯಿತು ಎಂದು ಎಷ್ಟೋ ಜನ ಅರ್ಜಿಯನ್ನೇ ಹಾಕುವುದಿಲ್ಲ.

ಇದರಲ್ಲಿ ಎಲ್ಲರಿಗಿಂತ ಹೆಚ್ಚು ಸೋಲುವವರು ಯಾರು ಗೊತ್ತೇ? ಬಾಯಿಮಾತಿನ ಗುತ್ತಿಗೆಗೆ ಹೊಲ ಹಿಡಿದು ಬೇಸಾಯ ಮಾಡುವವರು. ಬೀಜ ಅವರದ್ದು, ಗೊಬ್ಬರ ಅವರದ್ದು, ಸಾಲ ಅವರದ್ದು, ಚಳಿಯಲ್ಲಿ ಅಟ್ಟಣಿಗೆ ಏರಿ ಕಾವಲು ಕೂತದ್ದೂ ಅವರೇ. ಪಹಣಿಯಲ್ಲಿ ಮಾತ್ರ ಅವರ ಹೆಸರಿಲ್ಲ. ಹಂದಿ ತಿಂದದ್ದು ಅವರ ಬೆಳೆ, ಪರಿಹಾರ ಬಂದರೆ ಪೇಟೆಯಲ್ಲಿರುವ ಖಾತೆದಾರರಿಗೆ.

ಸೋತವರು ಕೊನೆಗೆ ಮಾಡುವುದೇನು? ಉರುಳು ಹಾಕುತ್ತಾರೆ. ಬೇಲಿಗೆ ನೇರ ಕರೆಂಟು ಕೊಡುತ್ತಾರೆ. ಸಿಡಿಮದ್ದು ಇಡುತ್ತಾರೆ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ, ತಂತಿಗೆ ಆನೆ ಸಾಯುತ್ತದೆ, ಕೆಲವೊಮ್ಮೆ ಕತ್ತಲಲ್ಲಿ ಬಂದ ಪಕ್ಕದ ಹೊಲದವರೇ ಸಾಯುತ್ತಾರೆ. ಆಮೇಲೆ ಕೇಸು, ಜೈಲು, ಜಮೀನು ಅಡವು. ಪ್ರಾಣಿಗೂ ನಷ್ಟ, ಮನುಷ್ಯನಿಗೂ ನಷ್ಟ.

ಇದೇ ಪ್ರಾಣಿಗಳಿಂದ ಆದಾಯ ಆಗುತ್ತಿಲ್ಲವೇ? ಆಗುತ್ತಿದೆ. ಕಬಿನಿ ಹಿನ್ನೀರಿನ ದಂಡೆಯಲ್ಲಿ, ಬಂಡೀಪುರದ ಅಂಚಿನಲ್ಲಿ ರೆಸಾರ್ಟುಗಳಿವೆ. ಒಂದು ರಾತ್ರಿಯ ಬಾಡಿಗೆ ಒಂದು ಸಣ್ಣ ಕುಟುಂಬದ ತಿಂಗಳ ಸಂಪಾದನೆಗೆ ಸಮ. ಅತಿಥಿಗಳು ಬರುವುದು ಪ್ರಾಣಿ ನೋಡಲು. ಆ ಪ್ರಾಣಿಗಳಲ್ಲಿ ಕೆಲವು ರಾತ್ರಿ ಪಕ್ಕದ ಊರಿನ ರಾಗಿ ತಿಂದು ಬೆಳಿಗ್ಗೆ ಕಾಡಿಗೆ ಮರಳಿದವು. ರಾಗಿ ಬೆಳೆದವನಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ. ಅರಸರ ಕಾಲದಲ್ಲಿ ಬಂಡೀಪುರ ಬೇಟೆಯ ಕಾಡಾಗಿತ್ತು, ಆಗಲೂ ಕಾಡಂಚಿನವನಿಗೆ ಸಿಕ್ಕದ್ದು ಕಾಡು ಸೋಹುವ ಕೆಲಸ. ಆಮೇಲೆ ಲೈಸೆನ್ಸ್ ಫೀ ಸರ್ಕಾರಕ್ಕೆ ಹೋಯಿತು, ಈಗ ಟಿಕೆಟ್ ಹಣ. ಪ್ರಾಣಿಗೆ ನೆಲ ಕೊಟ್ಟವನ ಲೆಕ್ಕ ಯಾವ ಕಾಲದ ಪುಸ್ತಕದಲ್ಲೂ ಇಲ್ಲ.

ಗೇಣಿ ಕೊಡಿ

ನಮ್ಮ ಬೇಡಿಕೆ ಇದು. ಕಾಡಂಚಿನ ಮೊದಲ ಸಾಲಿನ ಹೊಲಗಳಿಗೆ, ಆನೆ ದಾರಿಯಲ್ಲಿರುವ ಜಮೀನುಗಳಿಗೆ, ಬೆಳೆ ಹಾಳಾಗಲಿ ಬಿಡಲಿ, ಸರ್ಕಾರ ಎಕರೆಗೆ ಇಷ್ಟು ಎಂದು ವರ್ಷದ ಗೇಣಿ ಕೊಡಬೇಕು. ಪರಿಹಾರ ಎಂದರೆ ಹಾಳಾದ ಮೇಲೆ ಕೈಚಾಚುವುದು. ಗೇಣಿ ಎಂದರೆ ಮುಂಚೆಯೇ ಮಾಡಿಕೊಂಡ ಕರಾರು. ಒಂದರಲ್ಲಿ ರೈತ ಅರ್ಜಿದಾರ, ಇನ್ನೊಂದರಲ್ಲಿ ಒಡೆಯ.

ಕರಾರಿನಲ್ಲಿ ರೈತನ ಪಾಲಿನ ಷರತ್ತುಗಳೂ ಇರಲಿ. ಉರುಳು, ಕರೆಂಟು ತಂತಿ ಇರಬಾರದು. ಕಾಡಿಗೆ ತಾಗಿದ ಒಂದಷ್ಟು ಅಗಲದ ಪಟ್ಟಿಯಲ್ಲಿ ಪ್ರಾಣಿ ಮುಟ್ಟದ ಬೆಳೆ, ಇಲ್ಲವೇ ಹುಲ್ಲು, ಮರ. ಟೆಕ್ಸಾಸಿನವರ ಏಳು ಕೆಲಸಗಳ ಪಟ್ಟಿಯ ಹಾಗೆ ನಮ್ಮದೇ ಒಂದು ಪಟ್ಟಿಯನ್ನು ಗ್ರಾಮಸಭೆ ಮಾಡಲಿ. ಕ್ಯಾನ್ಸಾಸಿನ ಹಾಗೆ ಗೇಣಿದಾರ ಸರ್ಕಾರವೇ ಆಗಲಿ. ಬಂದೂಕಿನವರು ಮಾತ್ರ ಬೇಡ.

ಇದು ಆಗದ ಮಾತು ಎನ್ನುವವರು ಪಾವಗಡಕ್ಕೆ ಹೋಗಿ ಬರಲಿ. ಅಲ್ಲಿನ ಸೌರ ಪಾರ್ಕಿಗೆ ಸುಮಾರು 13,000 ಎಕರೆ ನೆಲ. ಸರ್ಕಾರಿ ಕಂಪನಿ ಅದನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ರೈತರಿಂದ 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಬಿಸಿಲಿಗೆ ಗೇಣಿ ಕೊಡಬಲ್ಲ ರಾಜ್ಯಕ್ಕೆ ಆನೆಗೆ, ಜಿಂಕೆಗೆ, ಹಂದಿಗೆ ಗೇಣಿ ಕೊಡಲು ಕಾನೂನಿನ ನೆಪ ಹೇಳಲಾಗದು.

ಪ್ರಾಣಿಗಾಗಿ ನೆಲ ಬಿಡಿಸಿಕೊಂಡ ಉದಾಹರಣೆಯೂ ನಮ್ಮ ದೇಶದಲ್ಲಿದೆ. ಮೈಸೂರಿನಲ್ಲಿ ನೆಲೆಸಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಯ ಕಿಬ್ಬರ್ ಊರಿನವರ ಜೊತೆ ಒಪ್ಪಂದ ಮಾಡಿಕೊಂಡಿತು. ಊರಿನವರು ತಮ್ಮ ಗೋಮಾಳದ ಒಂದು ಭಾಗದಲ್ಲಿ ದನ ಮೇಯಿಸುವುದನ್ನು ಬಿಟ್ಟರು, ಅದಕ್ಕೆ ಬದಲಾಗಿ ಊರಿಗೆ ಹಣ, ಕಾವಲಿಗೆ ಊರಿನ ಹುಡುಗರೇ. ಅಲ್ಲಿ ಹಿಮಚಿರತೆಯ ಆಹಾರವಾದ ಕಾಡುಕುರಿಗಳ ಸಂಖ್ಯೆ ಏರಿತು. ಒಂದೂ ಗುಂಡು ಹಾರಲಿಲ್ಲ.

ಹಣ ಎಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅಮೆರಿಕದಲ್ಲಿ 1937ರ ಒಂದು ಕಾಯ್ದೆಯಿಂದ ಬೇಟೆಯ ಬಂದೂಕು, ಮದ್ದುಗುಂಡುಗಳ ಮೇಲೆ ಶೇ. 11 ತೆರಿಗೆ ಹಾಕಿ ಅದನ್ನು ವನ್ಯಜೀವಿಗಳಿಗೇ ಮೀಸಲಿಟ್ಟಿದ್ದಾರೆ. ಪ್ರಾಣಿಯಿಂದ ಸುಖ ಪಡೆಯುವವರು ಪ್ರಾಣಿಗೆ ಕೊಡಬೇಕೆಂಬ ಸಾಮಾನ್ಯ ನ್ಯಾಯ. ನಮ್ಮಲ್ಲಿ ಆ ಸುಖ ಪಡೆಯುವವರು ಸಫಾರಿ ಹೋಗುವವರು, ರೆಸಾರ್ಟ್ ನಡೆಸುವವರು. ಅಲ್ಲಿ ಒಂದು ಸೆಸ್ ಹಾಕಿ. ಕಾಡು ಕಡಿದು ಗಣಿ, ಹೆದ್ದಾರಿ, ಅಣೆಕಟ್ಟು ಮಾಡುವವರಿಂದ ಸರ್ಕಾರ ಪಡೆಯುವ ಪರಿಹಾರ ಅರಣ್ಯೀಕರಣದ ನಿಧಿಗೆ 2016ರಲ್ಲಿ ಪ್ರತ್ಯೇಕ ಕಾಯ್ದೆಯೇ ಆಗಿದೆ. ಕಾಡು ಕಳೆದುಕೊಂಡ ಪ್ರಾಣಿ ಯಾರ ಹೊಲಕ್ಕೆ ಬಂತೋ ಅವರಿಗೆ ಅದರಲ್ಲಿ ಪಾಲು ಕೇಳುವುದು ಭಿಕ್ಷೆಯಲ್ಲ. ನಿಯಮ ಅಡ್ಡ ಬಂದರೆ ನಿಯಮ ತಿದ್ದಲಿ.

ಎರಡು ಎಚ್ಚರಗಳನ್ನು ನಾವೇ ಹೇಳಬೇಕು. ಪಾವಗಡದಲ್ಲಿ ಜಮೀನು ಇದ್ದವರಿಗೆ ಗೇಣಿ ಬಂತು, ಆ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಕೆಲಸ ಹೋಯಿತು. ಕಾಡಂಚಿನಲ್ಲೂ ಹಾಗಾಗಬಾರದು. ಗೇಣಿಯ ಒಂದು ಭಾಗ ಉಳುವವರಿಗೆ, ಪಹಣಿಯಲ್ಲಿ ಹೆಸರಿಲ್ಲದಿದ್ದರೂ ಸಿಗಬೇಕು. ಯಾವ ಹೊಲವನ್ನು ಯಾರು ಮಾಡುತ್ತಾರೆಂದು ಗ್ರಾಮಸಭೆಗೆ ಗೊತ್ತೇ ಇರುತ್ತದೆ, ಬರೆದಿಡುವ ಧೈರ್ಯ ಬೇಕು ಅಷ್ಟೆ. ಕಾವಲಿನ ಕೆಲಸ ಭೂಮಿ ಇಲ್ಲದ ಮನೆಗಳಿಗೆ ಮೊದಲು ಸಿಗಬೇಕು.

ಎರಡನೆಯದು, ಗೇಣಿ ಕೊಟ್ಟ ಮಾತ್ರಕ್ಕೆ ಹಂದಿ ಎರಡನೇ ಸಾಲಿನ ಹೊಲಕ್ಕೆ ಹೋಗದೆ ಇರುವುದಿಲ್ಲ. ಹಿಂಡು ಮಿತಿ ಮೀರಿದ ಕಡೆ 11ನೇ ಕಲಮಿನ ಅನುಮತಿ ತಾಲ್ಲೂಕು ಮಟ್ಟದಲ್ಲೇ, ಬೆಳೆ ಇನ್ನೂ ನಿಂತಿರುವಾಗಲೇ ಸಿಗಬೇಕು. ಕಟಾವಾದ ಮೇಲೆ ಬರುವ ಅನುಮತಿ ಯಾರಿಗೆ ಬೇಕು? ಕೊಲ್ಲುವ ಕೆಲಸವನ್ನು ತರಬೇತಾದ ಸಿಬ್ಬಂದಿ ಮಾಡಲಿ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಯನ್ನು ಪ್ರತಿ ಚುನಾವಣೆಗೂ ಠಾಣೆಗೆ ಒಪ್ಪಿಸಿ ಬರುವ ಮಲೆನಾಡಿನ ರೈತನ ತಲೆಯ ಮೇಲೆ ಆ ಹೊಣೆಯನ್ನೂ ಹೊರಿಸುವುದು ಬೇಡ.

ಬೇಟೆಯ ಗುತ್ತಿಗೆಯ ವಿಡಿಯೊ ತೋರಿಸುವ ಹುಡುಗರಿಗೆ ನಾವು ಹೇಳುವುದು ಇಷ್ಟೇ: ಹೆಲಿಕಾಪ್ಟರ್ ನೋಡಬೇಡಿ, ಕೆಳಗಿನ ಗೇಟು ನೋಡಿ. ಆ ಗೇಟಿಗೆ ಬೆಲೆ ಇರುವುದರಿಂದಲೇ ಆ ಸೀಮೆಯ ಪೊದೆ ಉಳಿದಿದೆ. ನಮ್ಮ ಹೊಲಗಳಿಗೆ ಗೇಟಿಲ್ಲ, ಎಷ್ಟೋ ಕಡೆ ಬೇಲಿಯೂ ಇಲ್ಲ. ಬೆಲೆ ಮಾತ್ರ ಇರಬೇಕಿತ್ತು. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದೊಂದು ನಿರ್ಣಯವನ್ನೂ ಬರೆಸಿ. ಕಾಡಂಚಿನ ಹತ್ತು ಪಂಚಾಯಿತಿಗಳು ಒಂದೇ ನಿರ್ಣಯ ಕಳಿಸಿದರೆ ಅದಕ್ಕೆ ಬೆಂಗಳೂರು ಉತ್ತರ ಕೊಡಲೇಬೇಕಾಗುತ್ತದೆ.